ಏರಿನಲ್ಲಿ ನಿಲ್ಲುವ ಡೀಸೆಲ್ ಜೀಪು ಮತ್ತು ಒಂದು ಪುಟ್ಟ ಒಬಿಡಿ ಅಡಾಪ್ಟರ್

ಕಾಮನ್ ರೈಲ್ ಡೀಸೆಲ್ ಎಂಜಿನ್ (ಒತ್ತಡದ ಡೀಸೆಲನ್ನು ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹಂಚುವ ಎಂಜಿನ್) ಇರುವ ಫೋರ್‌ವೀಲ್ ಜೀಪುಗಳಲ್ಲಿ ಮಾಲೀಕನನ್ನೂ ಮೆಕ್ಯಾನಿಕ್‌ನನ್ನೂ ಹೆಚ್ಚು ಸತಾಯಿಸುವುದು ಬಂದು ಹೋಗುವ ದೋಷ. ಏರು ಹತ್ತುವಾಗ ಎಂಜಿನ್ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿರದಂತೆ ಹೊರಡುತ್ತದೆ, ಗ್ಯಾರೇಜಿನ ಸಮತಟ್ಟಾದ ನೆಲದ ಮೇಲಂತೂ ಎಷ್ಟು ಹೊತ್ತು ಓಡಿಸಿದರೂ ಒಮ್ಮೆಯೂ ನಿಲ್ಲುವುದಿಲ್ಲ. ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲಿ ಓಡಾಡುವ ನಮ್ಮ ಜೀಪಿಗೆ ಇಂಥ ದೋಷ ಬಂದಾಗ ನಾನು ಕೊಂಡ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರ್ ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಕಿಪೊಟ್ಟಣದಷ್ಟಿರುವ ಈ ಸಾಧನವನ್ನು ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ವಾಹನವೇ ತನ್ನ ದೋಷಗಳನ್ನು ಗುರುತಿಸುವ ವ್ಯವಸ್ಥೆ) ಸಾಕೆಟ್ಟಿಗೆ ಸಿಕ್ಕಿಸಿದರೆ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಸೆನ್ಸರ್‌ಗಳಿಂದ ಪಡೆಯುವ ಅಳತೆಗಳನ್ನು ಅದು ಮೊಬೈಲಿನ ಆ್ಯಪ್‌ಗೆ ದಾಟಿಸುತ್ತದೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 (ಹೊಗೆ ಮಾಲಿನ್ಯದ ಮಾನದಂಡ) ವಾಹನಗಳಿಗೆ ಒಬಿಡಿಯ ಎರಡನೆಯ ಹಂತ ಕಡ್ಡಾಯವಾದ್ದರಿಂದ, ಆ ನಂತರದ ಜೀಪುಗಳಲ್ಲಿ ಇದು ಸಾಮಾನ್ಯವಾಗಿ ತೊಡಕಿಲ್ಲದೆ ಕೆಲಸ ಮಾಡುತ್ತದೆ. ಮೆಕ್ಯಾನಿಕಲ್ ಪಂಪಿನ ಹಳೆಯ ಜೀಪುಗಳಲ್ಲಿ ಇಸಿಯುವೇ ಇಲ್ಲವಾದ್ದರಿಂದ ಅಲ್ಲಿ ಇದಕ್ಕೆ ಕೆಲಸವಿಲ್ಲ.

ಕೊಳ್ಳುವವರು ಹೆಚ್ಚಾಗಿ ಇದನ್ನು ದೋಷ ಕಂಡಾಗ ಇಸಿಯು ಗುರುತಿಸಿಡುವ ಕೋಡ್ ಓದುವುದಕ್ಕೆಂದೇ ಕೊಳ್ಳುತ್ತಾರೆ. ಬಂದು ಹೋಗುವ ದೋಷದಲ್ಲಿ ಕೋಡನ್ನು ನೆಚ್ಚಿಕೊಂಡರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಪಿ0087 ಎಂಬ ಕೋಡಿನ ಅರ್ಥ ರೈಲಿನಲ್ಲಿ ಡೀಸೆಲ್ ಒತ್ತಡ ಸಾಲದು ಎಂದಷ್ಟೇ. ಫಿಲ್ಟರ್ ಕಟ್ಟಿಕೊಂಡಿದ್ದರೂ, ಪೈಪಿನಲ್ಲಿ ಗಾಳಿ ಸೇರಿದ್ದರೂ, ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಡ್ಡ ಬಂದಿದ್ದರೂ, ಇಂಜೆಕ್ಟರ್‌ಗಳಿಂದ ರಿಟರ್ನ್ (ಟ್ಯಾಂಕಿಗೆ ಮರಳುವ ಡೀಸೆಲ್) ಹೆಚ್ಚಾಗಿದ್ದರೂ, ಹೈ ಪ್ರೆಶರ್ ಪಂಪ್ ಸವೆದಿದ್ದರೂ, ಕೊನೆಗೆ ಒತ್ತಡ ಅಳೆಯುವ ಸೆನ್ಸರೇ ಕೆಟ್ಟಿದ್ದರೂ ಅದೇ ಕೋಡ್ ಬರಬಹುದು. ಈ ಪಟ್ಟಿಯಲ್ಲಿ ಅಗ್ಗದ ಕಾರಣಗಳೂ ಇವೆ, ಜೇಬು ಬರಿದಾಗಿಸುವ ಕಾರಣಗಳೂ ಇವೆ; ಪರೀಕ್ಷೆಯಿಲ್ಲದೆ ದುಬಾರಿ ತುದಿಯಿಂದ ಆರಂಭಿಸುವ ಗ್ಯಾರೇಜುಗಳು ಕಡಿಮೆಯೇನಿಲ್ಲ.

ಈ ಅಡಾಪ್ಟರಿನ ನಿಜವಾದ ಬೆಲೆ ಇರುವುದು ಅಳತೆಗಳನ್ನು ಓಡುತ್ತಿರುವಾಗಲೇ ದಾಖಲಿಸಿಕೊಳ್ಳುವ ಸೌಲಭ್ಯದಲ್ಲಿ. ಎಂಜಿನ್ ನಿಂತ ಮೇಲೆ ಎಲ್ಲ ಅಳತೆಗಳೂ ಬಿದ್ದೇ ಇರುತ್ತವೆ, ಅದರಿಂದ ತಿಳಿಯುವುದು ಏನೂ ಇಲ್ಲ. ಯಾವುದು ಮೊದಲು ಬಿತ್ತು ಎಂಬುದೇ ಮುಖ್ಯ. ಅಗ್ಗದ ಅಡಾಪ್ಟರುಗಳು ಅಳತೆಗಳನ್ನು ಒಂದಾದ ಮೇಲೊಂದರಂತೆ ಕೇಳಿ ತರುವುದರಿಂದ, ಪರದೆಯ ತುಂಬ ಮೀಟರುಗಳನ್ನು ತುಂಬಿಕೊಂಡರೆ ಪ್ರತಿಯೊಂದೂ ತಡವಾಗಿ ಬಂದು, ಬೇಕಾದ ಆ ಕ್ಷಣವೇ ಕೈತಪ್ಪುತ್ತದೆ. ಆದ್ದರಿಂದ ರೈಲ್ ಒತ್ತಡ, ಆರ್‌ಪಿಎಂ, ವಾಹನದ ವೇಗ ಮತ್ತು ಇಸಿಯುಗೆ ಸಿಗುತ್ತಿರುವ ವೋಲ್ಟೇಜ್ ಇವು ನಾಲ್ಕನ್ನು ಮಾತ್ರ ಆರಿಸಿ, ದಾಖಲಿಸಲು ಬಿಟ್ಟು, ಓಡಿಸುವುದರ ಕಡೆಗೆ ಗಮನ ಕೊಡುವುದು ಲೇಸು.

ಜೀಪು ಗೇರಿನಲ್ಲಿ ಉರುಳುತ್ತಿದೆ, ಕ್ಲಚ್ ಒತ್ತಿಲ್ಲ, ವೇಗ ಇನ್ನೂ ಕಾಣುತ್ತಿದೆ, ಆದರೂ ಆರ್‌ಪಿಎಂ ಒಂದೇ ಸಲಕ್ಕೆ ಸೊನ್ನೆಗಿಳಿದಿದೆ ಎಂದಾದರೆ, ಎಂಜಿನ್ ತಿರುಗುತ್ತಿದ್ದರೂ ಅದು ಇಸಿಯುಗೆ ಗೊತ್ತಾಗುತ್ತಿಲ್ಲವೆಂದು ಅರ್ಥ. ಆಗ ಮೊದಲು ನೋಡಬೇಕಾದದ್ದು ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮತ್ತು ಅದರ ವೈರು. ಬಿಸಿಯಾದಾಗ ಮಾತ್ರ ಕೈಕೊಡುವ ಕ್ರ್ಯಾಂಕ್ ಸೆನ್ಸರ್ ಅಪರೂಪವಲ್ಲ. ಅಳತೆಗಳೇ ಬರುವುದು ನಿಂತು ದಾಖಲೆಯಲ್ಲಿ ಖಾಲಿ ಜಾಗ ಬಿದ್ದಿದ್ದರೆ ಅದನ್ನು ಸಾಧನದ ದೋಷವೆಂದು ತಳ್ಳಿಹಾಕಬಾರದು: ಅಡಾಪ್ಟರಿಗೆ 16ನೆಯ ಪಿನ್ನಿನಿಂದ ನೇರವಾಗಿ ಬ್ಯಾಟರಿಯ ವಿದ್ಯುತ್ ಬರುತ್ತಿರುತ್ತದೆಯಾದ್ದರಿಂದ, ಇಸಿಯುಗೆ ಮಾತ್ರ ಸಪ್ಲೈ ತಪ್ಪಿರುವ ಸಾಧ್ಯತೆ ಇದೆ, ಇಸಿಯುಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಮೇನ್ ರಿಲೇ ಮತ್ತು ಅರ್ಥಿಂಗ್ ಕಡೆ ಕೈ ಹಾಕಬೇಕು. ಇವೆರಡೂ ಅಲ್ಲದೆ ರೈಲ್ ಒತ್ತಡ ಮೊದಲು ಇಳಿದು, ಆರ್‌ಪಿಎಂ ಅದರ ಹಿಂದೆ ಇಳಿದರೆ ದೋಷ ಡೀಸೆಲ್ ಬರುವ ಹಾದಿಯಲ್ಲಿದೆ.

ನಮ್ಮ ಜೀಪಿನ ಎಂಜಿನ್ ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರುವಾಗ, ಕಡಿದಾದ ಏರಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಅದನ್ನು ಮೊದಲು ನೋಡಿದ ಒಂದು ಗ್ಯಾರೇಜಿನವರು ಫಿಲ್ಟರ್ ಬದಲಿಸಿ, ಅದರಿಂದ ಗುಣ ಕಾಣದಾದಾಗ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂದು ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. ಅಡಾಪ್ಟರಿನ ದಾಖಲೆಯಲ್ಲಿ ಕಂಡದ್ದು ಹೀಗಿತ್ತು: ಏರಿನಲ್ಲಿ 1000 ಬಾರ್ ಆಸುಪಾಸಿನಲ್ಲಿದ್ದ ಒತ್ತಡ ಮೊದಲು ಮೇಲೆ ಕೆಳಗೆ ಹೊಯ್ದಾಡಿ, ಕೆಲವೇ ಸೆಕೆಂಡುಗಳಲ್ಲಿ 200ಕ್ಕಿಂತ ಕೆಳಗಿಳಿದಿತ್ತು, ಆರ್‌ಪಿಎಂ ಅದರ ನಂತರ ಕುಸಿದಿತ್ತು, ವೋಲ್ಟೇಜ್ 14ರ ಹತ್ತಿರವೇ ಇತ್ತು. (ಆ್ಯಪ್ ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ ತೋರಿಸಿದರೆ 100ರಿಂದ ಭಾಗಿಸಿದರೆ ಬಾರ್ ಸಿಗುತ್ತದೆ.) ಆ ಹೊಯ್ದಾಟ ಡೀಸೆಲ್ ಜೊತೆಗೆ ಗಾಳಿಯೂ ಬರುತ್ತಿರಬಹುದೆಂಬ ಗುಮಾನಿಗೆ ಎಡೆಕೊಟ್ಟಿತು. ಇಂಜೆಕ್ಟರ್ ರಿಟರ್ನ್ ಹೆಚ್ಚಿದ್ದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ; ನಮ್ಮದು ಎಂದಿನಂತೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದುದರಿಂದ, ಇಂಜೆಕ್ಟರ್‌ಗಳ ಮೇಲಿನ ಅನುಮಾನ ಆಗಲೇ ಅರ್ಧ ಕಡಿಮೆಯಾಗಿತ್ತು.

ಊರಿನ ಡೀಸೆಲ್ ಪಂಪ್ ಕೆಲಸದ ಮೆಕ್ಯಾನಿಕ್ ಒಬ್ಬರು ಈ ದಾಖಲೆ ನೋಡಿ, ಪಂಪಿಗೆ ಹೋಗುವ ಪೈಪಿನ ನಡುವೆ ಪಾರದರ್ಶಕ ಟ್ಯೂಬಿನ ತುಂಡೊಂದನ್ನು ಸೇರಿಸಿ, ಜೀಪಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿಸಿದರು. ಸಮತಟ್ಟಿನಲ್ಲಿ ಸ್ವಚ್ಛವಾಗಿದ್ದ ಡೀಸೆಲಿನಲ್ಲಿ ಆಗ ಗುಳ್ಳೆಗಳು ಸಾಲಾಗಿ ಬಂದವು. ಟ್ಯಾಂಕಿನಿಂದ ಫಿಲ್ಟರ್‌ಗೆ ಬರುವ ರಬ್ಬರ್ ಹೋಸ್ ಕ್ಲಾಂಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಈ ಎಂಜಿನ್ನಿಗೆ ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲ, ಡೀಸೆಲನ್ನು ಎಂಜಿನ್ ಕಡೆಯ ಪಂಪೇ ಎಳೆದುಕೊಳ್ಳಬೇಕು. ಹೀಗೆ ಎಳೆತ ಇರುವ ಪೈಪು ಬಿರಿದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುವುದರಿಂದ ನೆಲದ ಮೇಲೆ ಒಂದು ಹನಿಯ ಗುರುತೂ ಇರಲಿಲ್ಲ. ಏರಿನಲ್ಲಿ ಹಿಂದಿನ ಟ್ಯಾಂಕ್ ಎಂಜಿನ್ನಿಗಿಂತ ಇನ್ನೂ ಕೆಳಗಾಗುತ್ತದೆ, ಡೀಸೆಲ್ ಕಡಿಮೆಯಿದ್ದರೆ ಎಳೆಯಬೇಕಾದ ಎತ್ತರ ಮತ್ತಷ್ಟು ಹೆಚ್ಚುತ್ತದೆ, ಬಿರುಕು ಬಾಯಿ ತೆರೆಯುವುದು ಆಗಲೇ. ಗ್ಯಾರೇಜಿನ ಸಪಾಟು ನೆಲದ ಮೇಲೆ ಈ ದೋಷ ಕಾಣಿಸದೆ ಹೋದದ್ದಕ್ಕೆ ಇದೇ ಕಾರಣ. ಹೋಸ್ ಮತ್ತು ಕ್ಲಾಂಪ್ ಬದಲಾಯಿಸಿ ಗಾಳಿ ತೆಗೆದ ಮೇಲೆ ಅದೇ ಏರುಗಳಲ್ಲಿ ಒತ್ತಡದ ಗೆರೆ ನೇರವಾಗಿದೆ.

ಗಮನಿಸಬೇಕಾದ್ದೆಂದರೆ, ಅಡಾಪ್ಟರ್ ಬಿರಿದ ಹೋಸನ್ನು ತೋರಿಸಲಿಲ್ಲ. ಹುಡುಕಬೇಕಾದ ಕಡೆಯನ್ನು ಮಾತ್ರ ತೋರಿಸಿತು. ಅದರ ಮಿತಿಗಳನ್ನೂ ತಿಳಿದಿರಬೇಕು. ಇಸಿಯು ಬಯಸುವ ಒತ್ತಡ ಎಷ್ಟು ಎಂಬುದನ್ನು ಅನೇಕ ವಾಹನಗಳು ಸಾಮಾನ್ಯ ಒಬಿಡಿ ಮೂಲಕ ಹೇಳುವುದಿಲ್ಲ. ಇರುವ ಒತ್ತಡ ಮಾತ್ರ ಸಿಗುತ್ತದೆ, ಹೋಲಿಕೆಗೆ ಕಂಪನಿಯ ಸ್ಕ್ಯಾನರ್ ಬೇಕು. ಹೊಸ ಇಂಜೆಕ್ಟರಿನ ಮೇಲಿರುವ ಗುರುತಿನ ಕೋಡನ್ನು ಇಸಿಯುನಲ್ಲಿ ನಮೂದಿಸುವುದಕ್ಕೂ ಅದೇ ಬೇಕು. ಇಂಜೆಕ್ಟರ್ ರಿಟರ್ನ್ ಅಳೆಯಲು ರಿಟರ್ನ್ ಪೈಪುಗಳಿಗೆ ಸೀಸೆಗಳನ್ನು ಕಟ್ಟುವುದಲ್ಲದೆ ಬೇರೆ ದಾರಿಯಿಲ್ಲ.

ಕೊಳ್ಳುವಾಗ ಆವೃತ್ತಿಯ ಸಂಖ್ಯೆಗೆ ಮರುಳಾಗಬೇಡಿ. ಮೂಲ ಇಎಲ್‌ಎಂ327 ಚಿಪ್ ತಯಾರಿಸುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2022ರಲ್ಲಿ ಮುಚ್ಚಿತು, ಅದು 1.5 ಎಂಬ ಆವೃತ್ತಿಯನ್ನು ಹೊರತಂದೇ ಇರಲಿಲ್ಲ, ಆದರೂ ಮಾರುಕಟ್ಟೆಯಲ್ಲಿ ಆ ಸಂಖ್ಯೆ ಹೊತ್ತ ನಕಲುಗಳು ಬೇಕಾದಷ್ಟಿವೆ. ಕೆಲವು ನೂರು ರೂಪಾಯಿಯ ನಕಲೂ ಈ ಕೆಲಸ ಮಾಡಬಲ್ಲದು. ಆದರೆ ನಡುವೆ ಸಂಪರ್ಕ ಕಡಿಯುವಂಥದ್ದಾದರೆ ದಾಖಲೆಯ ಖಾಲಿ ಜಾಗ ಯಾರ ದೋಷವೆಂದು ತಿಳಿಯದೆ ಹೋಗುವುದರಿಂದ, ಹಿಂತಿರುಗಿಸಲು ಅವಕಾಶವಿರುವ ಕಡೆ ಕೊಂಡು, ದೋಷವಿಲ್ಲದ ವಾಹನದಲ್ಲಿ ಮೊದಲು ಒಂದು ಗಂಟೆ ಓಡಿಸಿ ನೋಡುವುದು ಅಗತ್ಯ. ಐಫೋನ್ ಇರುವವರು ಹಳೆಯ ಬ್ಲೂಟೂತ್ ಮಾದರಿಯನ್ನು ಬಿಟ್ಟು ವೈಫೈ ಅಥವಾ ಬಿಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯ ಬ್ಲೂಟೂತ್) ಮಾದರಿಯನ್ನೇ ಆರಿಸಬೇಕು. ಕೀಲಿ ತೆಗೆದ ಮೇಲೂ ಇದು ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಜೀಪು ದಿನಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಮನೆಗಳಲ್ಲಿ ಕೆಲಸ ಮುಗಿದ ಕೂಡಲೇ ಕಿತ್ತಿಡಬೇಕು.