ಉಂಗುರ, ಬ್ಯಾಂಡು, ವಾಚು: ಎಂಡೊಮೆಟ್ರಿಯೋಸಿಸ್ ಇರೋರಿಗೆ ಯಾವ್ದು ಉಪಯೋಗ?

ಮೊದ್ಲೇ ಹೇಳ್ಬಿಡ್ತೀನಿ, ಸೆನ್ಸರ್ ಇರೋ ಈ ಸ್ಮಾರ್ಟ್ ಉಂಗುರ, ಬ್ಯಾಂಡು, ವಾಚು ಯಾವ್ದೂ ಎಂಡೊಮೆಟ್ರಿಯೋಸಿಸ್ ಇದೆಯಾ ಇಲ್ವಾ ಅಂತ ಹೇಳಲ್ಲ. ಈ ಕಾಯಿಲೇಲಿ ಗರ್ಭಕೋಶದ ಒಳಪದರದಂಥದ್ದು ಅಂಡಾಶಯದ ಮೇಲೋ ಕರುಳಿನ ಹತ್ರಾನೋ ಬೆಳ್ದಿರತ್ತೆ, ಕೈಮೇಲೆ ನಾಡಿ ನೋಡೋ ಹಸಿರು ಲೈಟಿಗೆ ಅದೆಲ್ಲಿ ಕಾಣ್ಬೇಕು, ಅದಕ್ಕೆ ಸ್ಕ್ಯಾನು, ಎಂಆರ್‌ಐ, ಇಲ್ಲಾ ಹೊಟ್ಟೇಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡೋ ಲ್ಯಾಪ್ರೊಸ್ಕೋಪಿನೇ ಆಗ್ಬೇಕು. ಇವಕ್ಕೆ ಗೊತ್ತಾಗೋದು ನಿದ್ದೆ, ನಾಡಿ, ಚರ್ಮದ ಟೆಂಪರೇಚರು, ಎಷ್ಟು ನಡೆದ್ವಿ ಅನ್ನೋದು, ಅಷ್ಟೇ.

ಟೆಂಪರೇಚರಿಗೆ ಉಂಗುರಾನೇ ಬೆಸ್ಟು. ಓವ್ಯುಲೇಷನ್ (ಅಂಡಾಶಯದಿಂದ ಅಂಡ ಬಿಡುಗಡೆ) ಆದ್ಮೇಲೆ ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರತ್ತಲ್ಲ, ಪೀರಿಯಡ್ಸ್ ಹತ್ರ ಬಂದಾಗ ಇಳಿಯತ್ತೆ, ಅದು ಗ್ರಾಫಲ್ಲಿ ಚೆನ್ನಾಗಿ ಕಾಣ್ತಿತ್ತು, ನಾಳೆ ನಾಡಿದ್ದು ನೋವು ಶುರು ಅಂತ ನೋಡಿ ಆಫೀಸ್ ಕೆಲಸ ಮುಂಚೇನೇ ಮುಗಿಸ್ಕೋತಿದ್ದೆ. ಆದ್ರೆ ಶಿರಸಿ ಕಡೆ ಮನೆಗಳಲ್ಲಿ ಅಡಿಕೆ ಸುಲಿಯೋ ಟೈಮಲ್ಲಿ ಬೆರಳಿಗೆ ಉಂಗುರ ಇಟ್ಕೊಂಡು ಕತ್ತಿ ಮುಂದೆ ಕೂರಕ್ಕಾಗಲ್ಲ, ಆಯಿ ಬೈದು ತೆಗೆಸ್ತಿದ್ಲು. ಡೇಟ್ ಹತ್ರ ಬಂದಾಗ ಬೆರಳು ಊದಿ ಬಿಗಿಯೂ ಆಗತ್ತೆ. ಆಮೇಲೆ ಡಾಕ್ಟ್ರು ಡೈನೊಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ 2 ಮಿ.ಗ್ರಾಂ ಶುರು ಮಾಡಿದ್ರು, ನಂಗೆ ಪೀರಿಯಡ್ಸೇ ನಿಂತೋಯ್ತು, ಗ್ರಾಫೂ ಚಪ್ಪಟೆ ಆಯ್ತು, ಆಪ್ ಮಾತ್ರ ನಿಮ್ಮ ಪೀರಿಯಡ್ಸ್ ಲೇಟಾಗಿದೆ ಅಂತ ದಿನಾ ಹೇಳ್ತಾನೇ ಇತ್ತು. ಹಾರ್ಮೋನ್ ಮಾತ್ರೆ ತಗೊಳ್ಳೋರು ಇದಕ್ಕೆ ಅಷ್ಟು ದುಡ್ಡು ಹಾಕೋ ಮುಂಚೆ ಯೋಚ್ನೆ ಮಾಡಿ.

ವಾಚು ಅಂದ್ರೆ ಕಾರವಾರದಲ್ಲಿರೋ ಅಕ್ಕನ ಆಪಲ್ ವಾಚು, ಸ್ವಲ್ಪ ದಿನ ಹಾಕ್ಕೊಂಡಿದ್ದೆ. 2022ರ ಸೀರೀಸ್ 8ರಿಂದ ಅದ್ರಲ್ಲೂ ಮಣಿಕಟ್ಟಿನ ಟೆಂಪರೇಚರ್ ಸೆನ್ಸರ್ ಇದೆ, ಆದ್ರೆ ಅದು ರಾತ್ರಿ ನಿದ್ದೇಲೇ ಅಳೆಯೋದು, ನಾನು ಚಾರ್ಜಿಗಿಡೋದೂ ರಾತ್ರೀನೇ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗತ್ತೆ ಯಾವಾಗ ಬರತ್ತೆ ಅಂತ ಗೊತ್ತಿದ್ರೆ ತಗೊಳ್ಳಿ.

ಕೊನೆಗೆ ಕೈಯಲ್ಲಿ ಉಳಿದಿದ್ದು ಅಗ್ಗದ ಬ್ಯಾಂಡು. ಟೆಂಪರೇಚರ್ ಇಲ್ಲ, ಕರಾವಳಿ ಸೆಕೆಗೆ ಪಟ್ಟಿ ಕೆಳಗೆ ತುರಿಕೆ ಬೇರೆ, ಬಟ್ಟೆ ಪಟ್ಟಿ ಹಾಕಿದ್ಮೇಲೆ ಕಡಿಮೆ ಆಯ್ತು. ಬಿಸಿನೀರ ಚೀಲ ಹೊಟ್ಟೆ ಮೇಲಿಟ್ಕೊಂಡು ಮಲ್ಗಿದಾಗ ಎದ್ದು ಓಡಾಡಿ ಅಂತ ನಡುಗತ್ತೆ, ಅದನ್ನ ಸೆಟ್ಟಿಂಗಲ್ಲಿ ಆಫ್ ಮಾಡಿಡಿ. ಆದ್ರೆ ಚಾರ್ಜು ದಿನಗಟ್ಲೆ ಬರತ್ತೆ, ರಾತ್ರಿ ಎಷ್ಟು ಸಲ ಎಚ್ಚರ ಆಯ್ತು, ಯಾವ ವಾರ ನಡೆಯೋದೇ ಬಿಟ್ಟೆ ಅನ್ನೋದು ತೋರಿಸತ್ತೆ, ನಂಗೆ ಬೇಕಾಗಿದ್ದೂ ಅದೇ. ನಾಡಿ ನೋಡಿ ಎಷ್ಟು ಒತ್ತಡ ಇದೆ ಅಂತ ಅದು ಕೊಡೋ ಸ್ಟ್ರೆಸ್ ಸ್ಕೋರ್ ನಂಬೋಕ್ಕೋಗ್ಬೇಡಿ, ನೋವಿಗೂ ಏರತ್ತೆ, ಜ್ವರಕ್ಕೂ ಏರತ್ತೆ, ಗಟ್ಟಿ ಕಾಫಿ ಕುಡಿದ್ರೂ ಏರತ್ತೆ.

ನೋವು ಮಾತ್ರ ಯಾವ ಮಷೀನೂ ಅಳೆಯಲ್ಲ, ಅದನ್ನ ನಾವೇ ಬರೀಬೇಕು. ನಾನು ಗೋಡೆ ಕ್ಯಾಲೆಂಡರಲ್ಲೇ 0ರಿಂದ 10ರ ಒಳಗೆ ಒಂದು ನಂಬರ್ ಹಾಕ್ತೀನಿ, ಹೊಟ್ಟೆನಾ ಸೊಂಟನಾ, ಕಕ್ಕಸಿಗೆ ಹೋಗುವಾಗ ನೋವಿತ್ತಾ, ಮಾತ್ರೆ ನುಂಗಿದ್ನಾ ಅಂತ ಎರಡು ಅಕ್ಷರ. ಹುಬ್ಬಳ್ಳಿಲಿ ಡಾಕ್ಟ್ರಿಗೆ ಬ್ಯಾಂಡಿನ ನಿದ್ದೆ ಗ್ರಾಫೂ ಕ್ಯಾಲೆಂಡರ್ ಫೋಟೋನೂ ಒಟ್ಟಿಗೆ ತೋರ್ಸಿದ್ರೆ ಅವ್ರು ಕ್ಯಾಲೆಂಡರನ್ನೇ ಜೂಮ್ ಮಾಡಿ ಮಾಡಿ ನೋಡಿದ್ರು, ಕಕ್ಕಸಿನ ನೋವು ಪೀರಿಯಡ್ಸ್ ದಿನಾನೇ ಬರ್ತಿತ್ತಾ ಅಂತ ಕೇಳಿದ್ದು ಅದನ್ನ ನೋಡೇ.

ಉಂಗುರ ಈಗ ತಂಗಿ ಹತ್ರ ಇದೆ. ಅವ್ಳು ಮಾತ್ರೆ ತಗೊಳ್ತಿಲ್ಲ, ಮಗು ಬೇಕು ಅಂತಿದಾಳೆ, ಓವ್ಯುಲೇಷನ್ ಆಗಿದ್ದು ಗೊತ್ತಾದ್ರೆ ಅವ್ಳಿಗೆ ಲಾಭ. ಅಡಿಕೆ ಸುಲಿಯೋಕೂ ಅವ್ಳು ಕೂರಲ್ಲ ಬಿಡಿ.