ರೇಲ್ ಪ್ರೆಷರ್ ಕೋಡ್‌ಗೆ ಲೀಕ್-ಆಫ್ ಕಿಟ್: ಯಾವ ಗಾಡಿಗೆ ಉಪಯೋಗ, ಯಾವುದಕ್ಕೆ ದಂಡ

ಆರು ಅಳತೆ ಬಾಟಲಿ, ಪಾರದರ್ಶಕ ಪೈಪುಗಳು, ಬಾಷ್, ಡೆಲ್ಫಿ, ಡೆನ್ಸೊ ಇಂಜೆಕ್ಟರ್‌ಗಳ ರಿಟರ್ನ್‌ಗೆ ಕೂಡುವ ಅಡಾಪ್ಟರ್‌ಗಳು. ಆನ್‌ಲೈನ್‌ನಲ್ಲಿ ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಲೀಕ್-ಆಫ್ ಕಿಟ್ ಅಂದರೆ ಇಷ್ಟೇ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಂದೊಂದೂ ರಿಟರ್ನ್ ಪೈಪಿನಲ್ಲಿ ಎಷ್ಟು ಡೀಸೆಲ್ ವಾಪಸ್ ಬಿಡುತ್ತಿದೆ ಎಂದು ಇದರಲ್ಲಿ ಅಳೆಯಬಹುದು. ಹುಬ್ಬಳ್ಳಿ, ಹಾವೇರಿ ಕಡೆಯ ಗ್ಯಾರೇಜಿನವರು ಕೊಳ್ಳಬಹುದೇ ಎಂದರೆ, ಖಂಡಿತ ಕೊಳ್ಳಬಹುದು. ಆದರೆ ನಿಮ್ಮಲ್ಲಿಗೆ ಬರುವ ಇಂಜಿನ್ ಯಾವುದು ಎಂದು ಮೊದಲು ನೋಡಿಕೊಳ್ಳಿ.

ಅಂಕೋಲಾ ಕಡೆಯಿಂದ ಲೋಡ್ ತುಂಬಿಕೊಂಡು ಅರಬೈಲ್ ಘಾಟ್ ಹತ್ತುವ ಗಾಡಿ ಅರ್ಧ ಏರಿನಲ್ಲಿ ಪಿಕಪ್ ಬಿಟ್ಟು ಲಿಂಪ್ ಮೋಡ್‌ಗೆ (ಇಂಜಿನ್ ಉಳಿಸಲು ತಾನೇ ಶಕ್ತಿ ಇಳಿಸಿಕೊಳ್ಳುವ ಸ್ಥಿತಿ) ಬೀಳುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0087, ಇಲ್ಲವೇ ಎಸ್‌ಪಿಎನ್ 157 ಎಫ್‌ಎಂಐ 18 ಎಂಬ ದೋಷದ ಕೋಡ್. ಇಸಿಎಂ (ಇಂಜಿನ್‌ನ ಕಂಪ್ಯೂಟರ್) ಕೇಳಿದ ಒತ್ತಡ ರೇಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಪೈಪಿನಲ್ಲಿ, ಬರಲಿಲ್ಲ ಎಂಬುದಷ್ಟೇ ಇದರ ಅರ್ಥ, ಪಂಪ್ ಕೆಟ್ಟಿದೆ ಎಂದಲ್ಲ. ಅದೇ ಗಾಡಿ ಖಾಲಿ ಇದ್ದಾಗ ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಯಾಕೆಂದರೆ ಅಲ್ಲಿ ಡೀಸೆಲ್ ಬೇಡಿಕೆ ಕಡಿಮೆ. ಇಷ್ಟಕ್ಕೇ ಹೈ ಪ್ರೆಷರ್ ಪಂಪ್ ಬಿಚ್ಚಿಸಿ ಮಾಲೀಕರಿಗೆ ದೊಡ್ಡ ಬಿಲ್ ಹಾಕುವುದು ಅನ್ಯಾಯ.

ಕಿಟ್ ತೆಗೆಯುವ ಮೊದಲು ಲೋ ಪ್ರೆಷರ್ ಕಡೆ, ಅಂದರೆ ಟ್ಯಾಂಕ್‌ನಿಂದ ಪಂಪ್‌ವರೆಗಿನ ದಾರಿ, ನೋಡಿ ಮುಗಿಸಿ. ಈ ಕೋಡ್‌ಗೆ ಬಹಳ ಸಲ ಕಾರಣ ಸಿಗುವುದು ಅಲ್ಲೇ. ವಾಟರ್ ಸಪರೇಟರ್‌ನ ನೀರು ಬಿಡಿ, ಫಿಲ್ಟರ್ ಬದಲಿಸಿ, ಟ್ಯಾಂಕ್ ಒಳಗಿನ ಜಾಲರಿ ನೋಡಿ. ಪಂಪ್‌ಗೆ ಹೋಗುವ ಸಕ್ಷನ್ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಕೂಡಿಸಿ ರೇಸ್ ಕೊಡಿ. ಗುಳ್ಳೆ ಬಿಡದೆ ಬರುತ್ತಿದ್ದರೆ ಎಲ್ಲೋ ಏರ್ ಹಿಡಿಯುತ್ತಿದೆ. ಸಕ್ಷನ್ ಲೈನ್ ಆದ್ದರಿಂದ ಅಲ್ಲಿ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬ್ಯಾಂಜೊ ಬೋಲ್ಟ್‌ನ (ಪೈಪ್ ಕೂಡಿಸುವ ತೂತಿನ ಬೋಲ್ಟ್) ಹಳೇ ತಾಮ್ರದ ವಾಷರ್, ಹ್ಯಾಂಡ್ ಪಂಪ್‌ನ ಸೀಲ್, ಫಿಲ್ಟರ್ ಕೂರುವ ರಬ್ಬರ್, ಮೊದಲ ಅನುಮಾನ ಈ ಮೂರರ ಮೇಲೆ. ಸಕ್ಷನ್ ಪೈಪನ್ನು ಶುದ್ಧ ಡೀಸೆಲ್ ತುಂಬಿದ ಕ್ಯಾನ್‌ಗೆ ನೇರ ಇಟ್ಟಾಗ ಗುಳ್ಳೆ ನಿಂತರೆ ತೊಂದರೆ ಬಿಚ್ಚಿದ ಜಾಗದಿಂದ ಟ್ಯಾಂಕ್ ಕಡೆಗೇ ಇದೆ.

ಎಫ್‌ಎಂಐ 3 ಅಥವಾ 4, ಪಿ0192 ಅಥವಾ ಪಿ0193 ಬಂದಿದ್ದರೆ ದಾರಿಯೇ ಬೇರೆ. ಇವು ಸಿಗ್ನಲ್ ವೋಲ್ಟೇಜ್ ತಪ್ಪಿದ ಕೋಡ್‌ಗಳು, ರೇಲ್ ಪ್ರೆಷರ್ ಸೆನ್ಸರ್ ಮತ್ತು ಅದರ ವೈರಿಂಗ್ ನೋಡಬೇಕು. ಸಾಕೆಟ್‌ನಲ್ಲಿ 5 ವೋಲ್ಟ್ ಬರುತ್ತಿರಬೇಕು. ಇಂಜಿನ್ ನಿಂತು ಒತ್ತಡ ಇಳಿದ ಮೇಲೆ ಸಿಗ್ನಲ್ ಸುಮಾರು 0.5 ವೋಲ್ಟ್ ತೋರಿಸಬೇಕು.

ಇನ್ನು ಕಿಟ್. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಒತ್ತಡ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಕ್ಲಿಪ್ ತೆಗೆದು ಅಡಾಪ್ಟರ್ ಕೂರಿಸಿ, ಮೂಲ ರಿಟರ್ನ್ ಪೈಪಿನ ಬಾಯಿ ಮುಚ್ಚಿ. ಎಲ್ಲ ಬಾಟಲಿಗಳನ್ನೂ ಒಂದೇ ಎತ್ತರದಲ್ಲಿ ತೂಗುಹಾಕಿ ಐಡಲ್‌ನಲ್ಲಿ ಓಡಿಸಿ, ಯಾವುದಾದರೂ ಒಂದು ಬಾಟಲಿ ತುಂಬುತ್ತಲೇ ನಿಲ್ಲಿಸಿ. ಉಳಿದವು 20 ಮಿಲಿ ಇರುವಾಗ ಒಂದೇ ಬಾಟಲಿ 60 ಮುಟ್ಟಿದ್ದರೆ ಕಳ್ಳ ಸಿಕ್ಕ: ಒಳಗಿನ ವಾಲ್ವ್ ಸವೆದು ರೇಲ್‌ನ ಡೀಸೆಲ್ ಅಲ್ಲಿಂದ ವಾಪಸ್ ಹೋಗುತ್ತಿದೆ. ಆ ಒಂದನ್ನೇ ಟೆಸ್ಟ್ ಬೆಂಚ್‌ಗೆ ಕಳಿಸಿ. ಗಾಡಿ ಸ್ಟಾರ್ಟೇ ಆಗದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇದೇ ಪರೀಕ್ಷೆ ಮಾಡಬಹುದು.

ಎಲ್ಲ ಬಾಟಲಿ ಸಮ ಬಂದು ಕೋಡ್ ಹೋಗದಿದ್ದರೆ ರೇಲ್‌ನ ಪ್ರೆಷರ್ ಲಿಮಿಟಿಂಗ್ ವಾಲ್ವ್‌ನ (ಒತ್ತಡ ಮಿತಿ ಮೀರಿದರೆ ಮಾತ್ರ ತೆರೆಯುವ ವಾಲ್ವ್) ರಿಟರ್ನ್ ಪೈಪ್ ಬಿಚ್ಚಿ ನೋಡಿ. ಐಡಲ್‌ನಲ್ಲಿ ಅಲ್ಲಿಂದ ಡೀಸೆಲ್ ಹರಿಯಬಾರದು. ಅದೂ ಸರಿ ಇದ್ದರೆ ಮಾತ್ರ ಪಂಪ್‌ಗೆ ಡೀಸೆಲ್ ಅಳತೆಯಲ್ಲಿ ಬಿಡುವ ಮೀಟರಿಂಗ್ ವಾಲ್ವ್, ಆಮೇಲೆ ಪಂಪ್ ಕಡೆ ಕೈ ಹಾಕಿ.

ಕಿಟ್ ಸೋಲುವ ಜಾಗಗಳೂ ಇವೆ. ಟಾಟಾ ಲಾರಿಗಳಲ್ಲಿ ಬರುವ ಕಮಿನ್ಸ್ ಐಎಸ್‌ಬಿಇಯಂಥ ಇಂಜಿನ್‌ಗಳಲ್ಲಿ ಇಂಜೆಕ್ಟರ್ ರಿಟರ್ನ್ ಸಿಲಿಂಡರ್ ಹೆಡ್‌ನ ಒಳದಾರಿಯಲ್ಲೇ ಹೋಗುತ್ತದೆ, ಅಡಾಪ್ಟರ್ ಕೂರಿಸಲು ಜಾಗವೇ ಇಲ್ಲ. ಅಲ್ಲಿ ಹೆಡ್‌ನಿಂದ ಹೊರಬರುವ ಒಟ್ಟು ರಿಟರ್ನ್ ಅಳೆದು, ರೇಲ್‌ನ ಒಂದೊಂದೇ ಔಟ್‌ಲೆಟ್‌ಗೆ ಮುಚ್ಚಳ ಬಿಗಿದು ಯಾವುದು ಸೋರುತ್ತಿದೆ ಎಂದು ಹುಡುಕಬೇಕು, ಅದಕ್ಕೆ ಬೇರೆಯೇ ಟೂಲ್. ಬಾಷ್ ಪೀಜೋ ಇಂಜೆಕ್ಟರ್‌ಗೂ (ಕಾಯಿಲ್ ಬದಲು ಪೀಜೋ ಹರಳಿನಿಂದ ತೆರೆಯುವ ಬಗೆ) ಈ ಬಾಟಲಿ ಬೇಡ, ಅವುಗಳ ರಿಟರ್ನ್ ಲೈನಿನಲ್ಲಿ ಒತ್ತಡ ಉಳಿದರೇನೇ ಕೆಲಸ ಮಾಡುತ್ತವೆ. ಹೊರಗೆ ಕ್ಲಿಪ್ ರಿಟರ್ನ್ ಇರುವ ಪಿಕಪ್, ಮಿನಿ ಟ್ರಕ್‌ಗಳೇ ನಿಮ್ಮಲ್ಲಿ ಹೆಚ್ಚಾಗಿ ಬರುತ್ತಿದ್ದರೆ ಒಂದು ಇಂಜೆಕ್ಟರ್ ಉಳಿಸಿದರೂ ಕಿಟ್‌ನ ದುಡ್ಡು ವಾಪಸ್.

ಕಿಟ್‌ನ ದೊಡ್ಡ ಕೊರತೆ ಓ-ರಿಂಗ್. ಜೊತೆಗೆ ಬರುವ ಅಗ್ಗದ ರಬ್ಬರ್ ಡೀಸೆಲ್‌ನಲ್ಲಿ ಉಬ್ಬಿ ಅಡಾಪ್ಟರ್ ಬಾಯಲ್ಲೇ ಜಿನುಗುತ್ತದೆ. ಆಗ ಆ ಬಾಟಲಿಯ ಲೆಕ್ಕ ಕಡಿಮೆ ಬಂದು ಕೆಟ್ಟ ಇಂಜೆಕ್ಟರ್ ಒಳ್ಳೆಯದರಂತೆ ಕಾಣುತ್ತದೆ. ಕೊಂಡ ದಿನವೇ ಡೀಸೆಲ್ ತಡೆಯುವ ವಿಟಾನ್ ರಬ್ಬರಿನ ಓ-ರಿಂಗ್ ಹಾಕಿಸಿ. ಪರೀಕ್ಷೆ ನಡೆಯುವಾಗ ಯಾರೂ ಹೈ ಪ್ರೆಷರ್ ಪೈಪಿನ ನಟ್ ಸಡಿಲಿಸಬಾರದು, ಸೋರಿಕೆ ಹುಡುಕಲು ಬೆರಳು ಇಡಲೂ ಬಾರದು. ಐಡಲ್‌ನಲ್ಲೂ ಅಲ್ಲಿ 300 ಬಾರ್ ಆಸುಪಾಸು ಇರುತ್ತದೆ, ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಡೀಸೆಲ್ ಒಳಹೊಕ್ಕಿದೆ ಎಂದು ಡಾಕ್ಟರಿಗೆ ಹೇಳಿ.