ದಾವಣಗೆರೆ ನಲ್ಲಿ ನೀರು, ಚಿತ್ರದುರ್ಗದ ಬೋರ್ ನೀರು: ಯಾವ ಮೀನಿಗೆ ಯಾವುದು ಜೊತೆ?

ಅಂಗಡಿಯಲ್ಲಿ ಯಾವ ಮೀನು ತೋರಿಸಿ ಕೇಳಿದರೂ ಉತ್ತರ ಒಂದೇ: "ಎಲ್ಲಾ ಒಟ್ಟಿಗೆ ಇರ್ತಾವೆ ಸರ್, ಏನೂ ಆಗಲ್ಲ." ಇರುತ್ತವೆ ನಿಜ, ಮಾರಾಟ ಆಗುವ ತನಕ. ಮನೆಯಲ್ಲಿ ವರ್ಷಗಟ್ಟಲೆ ಬಾಳಬೇಕು ಅಂದಾಗ ಲೆಕ್ಕ ಬದಲಾಗುತ್ತದೆ. ದಾವಣಗೆರೆಯ ನಮ್ಮ ಮನೆಯಲ್ಲೊಂದು, ಚಿತ್ರದುರ್ಗದ ಅಕ್ಕನ ಮನೆಯಲ್ಲೊಂದು, ಒಂದೇ ಅಳತೆಯ ಎರಡಡಿ ಟ್ಯಾಂಕ್ ಇವೆ. ಅಗಲ, ಎತ್ತರ ಒಂದೊಂದಡಿ, ಹಿಡಿಯುವುದು ಸುಮಾರು 50 ಲೀಟರ್. ನಾಲ್ಕು ಬಗೆಯ ಮೀನುಗಳನ್ನು ಇವುಗಳಲ್ಲಿ ಇಟ್ಟು ನೋಡಿದ್ದೇನೆ.

ಎರಡೂ ಟ್ಯಾಂಕಿಗೆ ಇರುವ ವ್ಯತ್ಯಾಸ ನೀರಿನದು. ನಮಗೆ ಬರುವುದು ಕಾರ್ಪೊರೇಷನ್ ನೀರು, ಅಂದರೆ ತುಂಗಭದ್ರಾ ನದಿಯದ್ದು, ಇಲ್ಲವೇ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿದ್ದು. ಹೆಚ್ಚು ಗಡಸಿಲ್ಲ, ಆದರೆ ಕ್ಲೋರಿನ್ ಇರುತ್ತದೆ. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರದ ನೀರು ಬರುತ್ತದಾದರೂ ಅಕ್ಕನ ಬೀದಿಯಲ್ಲಿ ಬಳಕೆಗೆಲ್ಲ ಬೋರ್ ನೀರೇ. ಆ ಟ್ಯಾಂಕಿನ ಗಾಜಿನ ಮೇಲೆ ನೀರು ಆವಿಯಾದಲ್ಲೆಲ್ಲ ಸುಣ್ಣದ ಬಿಳಿ ಗೆರೆ ಕಟ್ಟಿರುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಹೋಗುವುದಿಲ್ಲ, ನಿಂಬೆಹಣ್ಣಿನ ಹೋಳು ಹಿಡಿದು ತಿಕ್ಕಬೇಕು. ಇಷ್ಟು ಗಡಸು ನೀರಿಗೆ ಯಾವ ಮೀನು ಒಗ್ಗುತ್ತದೆ ಅನ್ನುವುದು ಮೊದಲ ಪ್ರಶ್ನೆ, ಬಣ್ಣದ ಮಾತು ಆಮೇಲಿನದು.

ಮೊದಲು ಗೋಲ್ಡ್ ಫಿಶ್, ಎಲ್ಲರೂ ಅದನ್ನೇ ತರುವುದರಿಂದ. ಇದು ತಂಪು ನೀರಿನ ಮೀನು, ಕಾರ್ಪ್ ಜಾತಿಯದು. 18ರಿಂದ 23 ಡಿಗ್ರಿ ಇದ್ದರೆ ಸುಖವಾಗಿರುತ್ತದೆ. ನಮ್ಮೂರ ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಕೆಳಗಿಟ್ಟರೂ ಟ್ಯಾಂಕಿನ ನೀರು 30 ದಾಟುತ್ತದೆ. 20 ಡಿಗ್ರಿಯ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಏರ್ ಪಂಪ್ ನಿಂತರೆ ಸಾಕು, ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯಲು ಶುರು. ನೋಡಿದವರು "ಹಸಿವಾಗೈತಿ ಪಾಪ" ಅಂತ ಇನ್ನಷ್ಟು ಕಾಳು ಹಾಕುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಎಸೆದು ಬಂದ ನೆಂಟರಂತೂ ಇಲ್ಲಿಗೂ ಒಂದು ಮುಷ್ಟಿ ತಂದುಬಿಡುತ್ತಾರೆ. ಹರಿಯುವ ಹೊಳೆಗೂ ನಿಂತ ನೀರಿಗೂ ಹೋಲಿಕೆಯೇ ಇಲ್ಲ. ಮಂಡಕ್ಕಿ ಸಂಜೆಯೊಳಗೆ ಕೊಳೆತು ನೀರು ಹಾಲಿನಂತಾಗುತ್ತದೆ. ಮೇಲಾಗಿ ಗೋಲ್ಡ್ ಫಿಶ್ ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ, ಬೆಳೆದರೆ ಗೇಣುದ್ದ ಆಗುತ್ತದೆ. ಎರಡಡಿ ಟ್ಯಾಂಕಿಗೆ ಇದು ಬೇಡ. ಬೆಚ್ಚಗಿನ ನೀರು ಬೇಡುವ ಮೀನುಗಳ ಜೊತೆಗಂತೂ ಬೇಡವೇ ಬೇಡ.

ಎರಡನೆಯದು ಗಪ್ಪಿ, ಮೋಲಿ. ಅಕ್ಕನ ಬೋರ್ ನೀರಿಗೆ ಹೇಳಿ ಮಾಡಿಸಿದ ಮೀನುಗಳು. ಎರಡಕ್ಕೂ ಗಡಸು ನೀರೇ ಇಷ್ಟ, ಮೋಲಿ ಸ್ವಲ್ಪ ಉಪ್ಪು ನೀರನ್ನೂ ತಡೆಯುತ್ತದೆ. ನಮ್ಮ ಮನೆಯಲ್ಲಿ ಮೋಲಿ ರೆಕ್ಕೆ ಮುದುಡಿಕೊಂಡು ಇದ್ದಲ್ಲೇ ತೂಗಾಡುತ್ತಿದ್ದವು. ಅದೇ ಅಂಗಡಿಯಿಂದ ತಂದವು ಅಲ್ಲಿ ಬಾಲ ಅಗಲಿಸಿ ಓಡಾಡುತ್ತಿವೆ. ತೊಂದರೆ ಇರುವುದು ಸಂತಾನದಲ್ಲಿ. ಇವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತವೆ. ಗಪ್ಪಿಗೆ ಹೆಚ್ಚುಕಡಿಮೆ ತಿಂಗಳಿಗೊಂದು ಹೆರಿಗೆ. ಒಮ್ಮೆ ಗಂಡು ಸೇರಿದರೆ ಹೆಣ್ಣು ಆ ವೀರ್ಯವನ್ನು ಒಳಗೇ ಉಳಿಸಿಕೊಂಡು ಮುಂದೆಯೂ ಮರಿ ಹಾಕುತ್ತಿರುತ್ತದೆ, ಗಂಡನ್ನು ಬೇರೆ ಮಾಡಿದರೂ ನಿಲ್ಲುವುದಿಲ್ಲ. ತಾಯಿಯೇ ಕೆಲವು ಮರಿಗಳನ್ನು ನುಂಗುತ್ತದೆ, ಆದರೂ ಉಳಿಯುವುದು ಬೇಕಾದಷ್ಟು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡಬೇಕು, ಇಲ್ಲದಿದ್ದರೆ ಗಂಡು ಬೆನ್ನು ಹತ್ತಿ ಹೆಣ್ಣನ್ನು ದಣಿಸಿ ಸಾಯಿಸುತ್ತದೆ. ಮರಿ ಬೇಡ ಅನ್ನುವವರು ಬರೀ ಗಂಡುಗಳನ್ನೇ ತರಲಿ, ಬಣ್ಣವೂ ಅವಕ್ಕೇ ಹೆಚ್ಚು.

ಬೋರ್ ನೀರಿನಲ್ಲಿ ಇನ್ನೊಂದು ಎಚ್ಚರ ಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಪಿಎಚ್ (ನೀರಿನ ಕ್ಷಾರದ ಅಳತೆ, ಗಡಸು ನೀರಲ್ಲಿ ಸಾಮಾನ್ಯವಾಗಿ ಹೆಚ್ಚು) ಮೇಲೇರಿದಷ್ಟೂ, ನೀರು ಬಿಸಿಯಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ನಮ್ಮಲ್ಲಿ ತಡೆದುಕೊಂಡ ಗುಂಪು ಬೇಸಿಗೆಯ ಚಿತ್ರದುರ್ಗದಲ್ಲಿ ತಡೆಯಲಿಕ್ಕಿಲ್ಲ. ಗಪ್ಪಿ ಗಟ್ಟಿ ಮೀನು ಅಂತ ಟ್ಯಾಂಕ್ ತುಂಬಾ ತುಂಬಿದರೆ ಒಂದೇ ರಾತ್ರಿಯಲ್ಲಿ ಸಾಲಾಗಿ ತೇಲುತ್ತವೆ.

ಮೂರನೆಯದು ಏಂಜೆಲ್ ಜೊತೆ ನಿಯಾನ್ ಟೆಟ್ರಾ. ನೋಡಲು ಇದಕ್ಕಿಂತ ಚಂದದ ಜೋಡಿ ಇಲ್ಲ. ಎರಡೂ ಅಮೆಜಾನ್ ಕಡೆಯವು, ಎರಡಕ್ಕೂ ಮೆದು ನೀರು ಬೇಕು. ಹಾಗಾಗಿ ಕಾಗದದ ಮೇಲೆ ಜಾತಕ ಕೂಡಿಬರುತ್ತದೆ. ಏಂಜೆಲ್ ನಾಣ್ಯದಷ್ಟಿರುವ ತನಕ ಶಾಂತಿ. ಅಂಗೈಯಗಲ ಆದಮೇಲೆ ಅದರ ಬಾಯಿಗೆ ನಿಯಾನ್ ಸರಿಯಾಗಿ ಹಿಡಿಸುತ್ತದೆ. ಬೆಳಿಗ್ಗೆ ಲೈಟ್ ಹಾಕಿದಾಗ ಒಂದು ಕಡಿಮೆ ಇರುತ್ತದೆ, ಹೆಣವೂ ಸಿಗುವುದಿಲ್ಲ. "ಮಾಮ, ಅವು ಹಾರಿ ಹೋದ್ವಾ?" ಅಂತ ಅಕ್ಕನ ಮಗ ಟ್ಯಾಂಕಿನ ಹಿಂದೆಲ್ಲ ಹುಡುಕಿದ್ದ. ನಿಯಾನ್‌ಗೆ 26 ಡಿಗ್ರಿಗಿಂತ ಹೆಚ್ಚು ಸೆಕೆ ಆಗುವುದಿಲ್ಲ, ಏಂಜೆಲ್‌ಗೆ ಒಂದಡಿಗಿಂತ ಎತ್ತರದ ಟ್ಯಾಂಕ್ ಬೇಕು. ಇನ್ನು ಏಂಜೆಲ್ ಜೊತೆ ಟೈಗರ್ ಬಾರ್ಬ್ ಬಿಟ್ಟರೆ ಕತೆ ತಿರುವುಮುರುವು. ಏಂಜೆಲ್‌ನ ಹೊಟ್ಟೆಯ ಕೆಳಗೆ ದಾರದಂತೆ ಜೋಲುವ ಎರಡು ರೆಕ್ಕೆಗಳನ್ನು ಬಾರ್ಬ್‌ಗಳು ಹಿಂದಿನಿಂದ ಬಂದು ಚಿವುಟಿ ಚಿವುಟಿ ಮೋಟು ಮಾಡುತ್ತವೆ. ಟೈಗರ್ ಬಾರ್ಬ್ ಸಾಕಲೇಬೇಕೆಂದರೆ ಆರಕ್ಕಿಂತ ಹೆಚ್ಚು ತನ್ನಿ, ಜಗಳ ತಮ್ಮತಮ್ಮಲ್ಲೇ ಮುಗಿಸಿಕೊಳ್ಳುತ್ತವೆ.

ದಾವಣಗೆರೆ ನೀರಿಗೆ ನನ್ನ ಓಟು ನಾಲ್ಕನೆಯ ಗುಂಪಿಗೆ: ಜೀಬ್ರಾ ಡ್ಯಾನಿಯೋ ಏಳೆಂಟು, ಜೊತೆಗೆ ಚೆರ್ರಿ ಬಾರ್ಬ್ ಐದಾರು. ಜೀಬ್ರಾ ನಮ್ಮ ದೇಶದ್ದೇ ಮೀನು, ಜಗತ್ತಿನ ಪ್ರಯೋಗಾಲಯಗಳೆಲ್ಲ ಸಾಕುವುದು ಇದನ್ನೇ. ಚೆರ್ರಿ ಬಾರ್ಬ್ ಶ್ರೀಲಂಕಾದ್ದು. ಜೀಬ್ರಾ ಮೇಲ್ಗಡೆ ಓಡಾಡಿಕೊಂಡಿದ್ದರೆ ಚೆರ್ರಿ ಗಿಡದ ಬುಡದಲ್ಲಿ ಇರುತ್ತದೆ, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ. ಬೇಸಿಗೆ, ಡಿಸೆಂಬರ್‌ನ ಚಳಿ ಎರಡನ್ನೂ ಹೀಟರ್ ಇಲ್ಲದೆ ದಾಟಿವೆ. ಅಂಗಡಿಯವರು ಇವನ್ನು ಮೂಲೆಯ ಟ್ಯಾಂಕಿನಲ್ಲಿ ಇಟ್ಟಿರುತ್ತಾರೆ, ಬೆಲೆ ಕಡಿಮೆ ನೋಡಿ. ಮನೆಗೆ ಬಂದವರು ಇವನ್ನು ನೋಡಿ "ಗೋಲ್ಡ್ ಫಿಶ್ ಇಲ್ವಾ?" ಅಂತ ಕೇಳುವುದು ಮಾತ್ರ ತಪ್ಪಿಲ್ಲ.

ಯಾವ ಗುಂಪಾದರೂ ಹೊಸ ಟ್ಯಾಂಕಿಗೆ ಮೊದಲ ದಿನವೇ ಎಲ್ಲವನ್ನೂ ಸುರಿಯಬೇಡಿ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕಿ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ವೈಟ್ ಸ್ಪಾಟ್. ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಬಾರದು. ರೋಗದ ಪರಾವಲಂಬಿ ಮೀನಿನ ಮೈಬಿಟ್ಟು ನೀರಲ್ಲಿ ಈಜುವಾಗ ಮಾತ್ರ ಔಷಧಿ ತಾಗುತ್ತದೆ.

ಫೈಟರ್ ಒಂಟಿಯಾಗೇ ಇರಲಿ, ಗಪ್ಪಿಯ ಬಾಲ ಕಂಡರೆ ಇನ್ನೊಂದು ಫೈಟರ್ ಅಂತಲೇ ಮೇಲೆ ಬೀಳುತ್ತದೆ. ಗಾಜು ಕ್ಲೀನ್ ಮಾಡುತ್ತದೆ ಅಂತ ಕೊಡುವ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ. ಆಗ ಜಾಗ ಸಾಲದೆ ಭದ್ರಾ ನಾಲೆಗೋ ಕೆರೆಗೋ ಬಿಡುವ ಯೋಚನೆ ಬರುತ್ತದೆ, ಖಂಡಿತ ಬಿಡಬೇಡಿ. ಆಂಧ್ರ, ಕೇರಳದ ನೀರಿನಲ್ಲಿ ಅದು ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಅಂಗಡಿಗೇ ವಾಪಸ್ ಕೊಡಿ. ದುಡ್ಡು ಕೊಡದಿದ್ದರೂ ತೆಗೆದುಕೊಳ್ಳುತ್ತಾರೆ.